ಮೋಟಾರಿನ ಜೀರ್ಣೋದ್ಧಾರ

ಯಂತ್ರವೊಂದು ಪ್ರಾಚೀನವಾಯಿತೆಂದು ಲೋಕವು ಒಪ್ಪಿಕೊಳ್ಳುವುದಕ್ಕೆ ಎಷ್ಟು ಕಾಲ ಬೇಕೆಂಬುದಕ್ಕೆ ಮೋಟಾರು ಕಾರಿನ ಚರಿತ್ರೆಯು ಕೊಡುವ ಉತ್ತರ ಆಶ್ಚರ್ಯಕರವಾದುದು: ಮೂವತ್ತೊಂದು ವರ್ಷ. ಯಂತ್ರಬಲದಿಂದ ಚಲಿಸುವ ಬಂಡಿಯ ಮುಂದೆ ಅರವತ್ತು ಗಜ ದೂರದಲ್ಲಿ ಕೆಂಪು ಬಾವುಟ ಹಿಡಿದ ಮನುಷ್ಯನೊಬ್ಬನು ನಡೆಯತಕ್ಕದ್ದೆಂದು 1865ರಲ್ಲಿ ವಿಧಿಸಿದ್ದ ಇಂಗ್ಲೆಂಡಿನ ಶಾಸನವು, ಬಾವುಟದ ಕಟ್ಟಳೆಯನ್ನು ಮುಂದೆ ಸಡಿಲಿಸಿದರೂ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಪಟ್ಟಣದೊಳಗೆ 2 ಮೈಲಿ ಎಂಬ ವೇಗದ ಮಿತಿಯನ್ನು ಬಹುಕಾಲ ಉಳಿಸಿಕೊಂಡಿದ್ದು, ಕಡೆಗೆ 1896ನೆಯ ಇಸವಿ ನವೆಂಬರ್ 14ರಂದು ಹಗುರವಾದ ವಾಹನಗಳ ಮಟ್ಟಿಗೆ ತೊಲಗಿದಾಗ, ಆ ಬಿಡುಗಡೆಯ ಉತ್ಸವವಾಗಿ ಮೂವತ್ತಕ್ಕೂ ಮಿಕ್ಕ ಮೋಟಾರು ಗಾಡಿಗಳು ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್ನಿಗೆ ಹೊರಟವು. ಗುರಿ ಮುಟ್ಟಿದವು ಹೆಚ್ಚು ಕಡಮೆ ಅರ್ಧ. ಉಳಿದವು ದಾರಿಯಲ್ಲಿಯೇ ಕೆಟ್ಟುನಿಂತವು. 1927ರಲ್ಲಿ ‘ಡೈಲಿ ಸ್ಕೆಚ್’ ಪತ್ರಿಕೆಯು ಆ ಯಾತ್ರೆಯನ್ನು ಪುನಃ ನಡೆಸಲು ಏರ್ಪಾಡು ಮಾಡಿದ ವೇಳೆಗೆ, ಒಂದು ತಲೆಮಾರಿನ ಹಿಂದೆ ಜಗತ್ತಿನ ಅತ್ಯಂತ ನವೀನ ವಸ್ತುಗಳಾಗಿದ್ದ ಆ ಗಾಡಿಗಳು ಹುಲ್ಲಿನ ಕೊಟ್ಟಿಗೆಗಳಲ್ಲಿಯೂ ಕುದುರೆಲಾಯಗಳ ಮೂಲೆಗಳಲ್ಲಿಯೂ ಧೂಳುಹಿಡಿದು ಬಿದ್ದಿದ್ದವು. ಅವನ್ನು ಹೊರಗೆಳೆದು ಓಡಿಸಿದಾಗ ರಸ್ತೆಯ ಇಕ್ಕೆಲಗಳಲ್ಲಿ ನೆರೆದ ಜನರಲ್ಲಿ ಬಹುಪಾಲಿನವರು ನಗುವುದಕ್ಕಾಗಿಯೇ ಬಂದಿದ್ದವರು.

ಹಳೆಯ ಕಾರಿನ ಪಾಲನೆಯ ವಿಷಯದಲ್ಲಿ ಎಷ್ಟು ದೂರ ಹೋಗಬಹುದು, ಎಲ್ಲಿ ಕೈ ತಡೆಯಬೇಕು ಎಂಬ ವಿಚಾರವು ಆ ಮೊದಲ ಓಟಗಾರರ ಮನಸ್ಸನ್ನು ಬಾಧಿಸಿರಲಾರದು. ಗಾಡಿ ಚಲಿಸಬೇಕು, ಬ್ರೈಟನ್ ಮುಟ್ಟಬೇಕು. ಅದಕ್ಕಾಗಿ ಹರಿದ ಚರ್ಮದ ಪಟ್ಟಿಗೆ ಬದಲು ಸಿಕ್ಕಿದ ಪಟ್ಟಿಯನ್ನು ಬಿಗಿಯುವುದೂ, ಒಡೆದ ಕಾರ್ಬುರೇಟರಿಗೆ ಬದಲು ಇಪ್ಪತ್ತು ವರ್ಷ ಕಿರಿಯದಾದ ಇನ್ನೊಂದನ್ನು ಜೋಡಿಸುವುದೂ ಅವರಿಗೆ ಸಹಜ ವ್ಯವಹಾರವಾಗಿತ್ತು. ಅಂಥದೇ ಒಂದು ಓಟದ ಬೆನ್ನಿಗೆ 1930ರಲ್ಲಿ ಬ್ರೈಟನ್ನಿನ ‘ಓಲ್ಡ್ ಶಿಪ್’ ಹೋಟೆಲಿನಲ್ಲಿ ಹುಟ್ಟಿದ ವೆಟರನ್ ಕಾರ್ ಕ್ಲಬ್ಬು ಮೊದಲು ಕೈಗೆತ್ತಿಕೊಂಡದ್ದು ಕಾಲನಿರ್ಣಯದ ಕೆಲಸವನ್ನು. 1904ರ ಅಂತ್ಯದೊಳಗೆ ತಯಾರಾದ ಗಾಡಿಗೆ ಮಾತ್ರ ಬ್ರೈಟನ್ ಓಟಕ್ಕೆ ಅರ್ಹತೆಯೆಂದ ಮೇಲೆ, ಗಾಡಿಯ ಜನ್ಮವರ್ಷವನ್ನು ಸಾಧಿಸಿ ತೋರಿಸುವುದು ಮಾಲೀಕನಿಗೆ ಅನಿವಾರ್ಯವಾಯಿತು; ಹಾಗೆ ಸಾಧಿಸಹೊರಟಾಗ, ಈ ಎಂಜಿನ್ನು ಈ ಚಾಸಿಯೊಡನೆಯೇ ಹುಟ್ಟಿದ್ದೇ, ಈ ಚಕ್ರಗಳು ಆ ಕಾಲದವೇ ಎಂಬ ಪ್ರಶ್ನೆಗಳು ತಾವಾಗಿ ಎದ್ದವು. ಇತಿಹಾಸಪ್ರಜ್ಞೆಯು ಮೋಟಾರು ಶಾಲೆಯೊಳಗೆ ಕಾಲಿಟ್ಟದ್ದು ಹೀಗೆ, ಸ್ಪರ್ಧೆಯ ನಿಯಮಾವಳಿಯ ಬಾಗಿಲಿನಿಂದ.

1934ರಲ್ಲಿ ಸ್ಥಾಪಿತವಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರು ಇದಕ್ಕಿಂತ ಮುಂದಿನ ಕಾಲದ, ಅಂದರೆ 1930ರವರೆಗಿನ ಒಂದು ದಶಕಕ್ಕೂ ತುಸು ಹೆಚ್ಚಿನ ಅವಧಿಯ ಕಾರುಗಳನ್ನು ಪ್ರೀತಿಸಿದವರು. ಅವರ ಪ್ರೀತಿಯಾದರೋ ಕಾರನ್ನು ಬೆಟ್ಟ ಹತ್ತಿಸುವುದರಲ್ಲಿ, ಪಂದ್ಯದ ಓಣಿಯಲ್ಲಿ ಬೆವರಿಳಿಯುವಂತೆ ದುಡಿಸುವುದರಲ್ಲಿ ವ್ಯಕ್ತವಾಗುತ್ತಿತ್ತು. ದುಡಿಯುವ ಯಂತ್ರ ಸವೆಯುತ್ತದೆ; ಸವೆದುದನ್ನು ಬದಲಿಸಬೇಕಾಗುತ್ತದೆ. ಹೀಗೆ ಇಂಗ್ಲೆಂಡಿನಲ್ಲಿ ಬೆಳೆದ ಸಂಪ್ರದಾಯಕ್ಕೆ ಓಟವೇ ತಾಯಿಯಾಯಿತು. ಅಟ್ಲಾಂಟಿಕ್ ಸಾಗರದ ಆಚೆ ಬೆಳೆದ ಇನ್ನೊಂದು ಸಂಪ್ರದಾಯಕ್ಕೆ ತಾಯಿಯಾದದ್ದು ಪ್ರದರ್ಶನ.

ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಲ್ಲಿ ಆರಂಭವಾದ ಕಾರುಗಳ ಸೌಂದರ್ಯಸ್ಪರ್ಧೆಯಲ್ಲಿ ಮೊದಲ ಕೆಲವು ವರ್ಷ ಅಗ್ರಪ್ರಶಸ್ತಿ ಹೊಸ ಕಾರುಗಳಿಗೇ ಸಲ್ಲುತ್ತಿತ್ತು. 1955ರಲ್ಲಿ ಫಿಲ್ ಹಿಲ್ ಎಂಬ ತರುಣನು, ಮುಂದೆ 1961ರಲ್ಲಿ ಓಟದ ಜಗಜ್ಜೆಟ್ಟಿಯಾಗಲಿದ್ದವನು, ತನ್ನ ಬಂಧುವೊಬ್ಬಳದಾಗಿದ್ದ 1931ರ ಪಿಯರ್ಸ್-ಆರೋ ಕಾರನ್ನು ಶ್ರದ್ಧೆಯಿಂದ ನವೀಕರಿಸಿ ತಂದು ಆ ಪ್ರಶಸ್ತಿಯನ್ನು ಗೆದ್ದುದು ಒಂದು ತಿರುವು. ಅಂದಿನಿಂದ ಹಳೆಯ ಕಾರನ್ನು ಕೀಲು ಕೀಲಾಗಿ ಬಿಚ್ಚಿ, ಬರಿಯ ಲೋಹವಾಗುವವರೆಗೆ ಕೆರೆದು, ಮತ್ತೆ ಕಟ್ಟಿ ನಿಲ್ಲಿಸುವುದು ಸ್ವತಂತ್ರವಾದ ಒಂದು ಕಸಬಾಗಿ, ಕ್ರಮೇಣ ಒಂದು ಶಾಸ್ತ್ರವಾಗಿಯೇ ಬೆಳೆಯಿತು. ತೀರ್ಪುಗಾರರು ಪೂರ್ಣಾಂಕದಿಂದ ಆರಂಭಿಸಿ ಒಂದು ಗೀರಿಗೆ ಇಷ್ಟು, ಒಂದು ಎಣ್ಣೆಯ ಕಲೆಗೆ ಇಷ್ಟು ಎಂದು ಅಂಕ ಕಳೆಯುತ್ತಿದ್ದುದರಿಂದ, ಸ್ಪರ್ಧಿಗಳು ತಮ್ಮ ಕಾರುಗಳನ್ನು ರಸ್ತೆಗಿಳಿಸುವುದನ್ನೇ ಬಿಟ್ಟು, ಮುಚ್ಚಿದ ಲಾರಿಗಳಲ್ಲಿ ಹೊತ್ತುತಂದು ಹುಲ್ಲುಹಾಸಿನ ಮೇಲೆ ಇಳಿಸತೊಡಗಿದರು. ಆ ಕುಶಲಕರ್ಮಿಗಳ ಕೈಚಳಕವನ್ನು ನಾನು ಕಿಂಚಿತ್ತೂ ಹೀಗಳೆಯಲಾರೆ; ಮಣ್ಣುಪಾಲಾಗಲಿದ್ದ ಎಷ್ಟೋ ಕಾರುಗಳು ಇಂದಿಗೂ ನಿಂತಿರುವುದು ಅವರ ದೆಸೆಯಿಂದ. ಆದರೆ ಹುಟ್ಟಿದ ದಿನದಲ್ಲಿಯೂ ಆ ಕಾರಿಗೆ ಇಲ್ಲದಿದ್ದ ಪರಿಪೂರ್ಣತೆಯನ್ನು ಅದರ ಮೇಲೆ ಹೇರಿದಾಗ ಉಂಟಾಗುವುದು ಚರಿತ್ರೆಯ ಸೇವೆಯಲ್ಲ, ಅದರ ತಿದ್ದುಪಡಿ.

ಬಣ್ಣದ ವಿಷಯವೊಂದನ್ನೇ ತೆಗೆದುಕೊಂಡು ನೋಡೋಣ. ಮೋಟಾರಿನ ಆದಿಕಾಲದಲ್ಲಿ ಅದರ ಮೈಯನ್ನು ಕಟ್ಟುತ್ತಿದ್ದವರು ಕುದುರೆಸಾರೋಟು ಕಟ್ಟುತ್ತಿದ್ದವರೇ. ಆಷ್ ಮರದ ಚೌಕಟ್ಟಿನ ಮೇಲೆ ತಗಡನ್ನು ಬಿಗಿದು, ಸೀಸದ ಅಂಶವುಳ್ಳ ತಳಬಣ್ಣದ ಮೇಲೆ ಕುಂಚದಿಂದ ಪದರದ ಮೇಲೆ ಪದರವಾಗಿ ಬಳಿದು, ಪ್ರತಿ ಪದರವನ್ನೂ ಒಣಗಿಸಿ, ಪ್ಯೂಮಿಸ್ ಕಲ್ಲಿನಿಂದ ಉಜ್ಜಿ ನಯಮಾಡಿ, ಕಡೆಗೆ ವಾರ್ನಿಷಿನ ಹೊದಿಕೆ ಕೊಡುವಷ್ಟರಲ್ಲಿ ಹಲವು ವಾರಗಳೇ ಕಳೆಯುತ್ತಿದ್ದುವು. ಲಕ್ಷಗಟ್ಟಲೆ ಕಾರುಗಳನ್ನು ತಯಾರಿಸಹೊರಟ ಹೆನ್ರಿ ಫೋರ್ಡನಿಗೆ ಅಷ್ಟು ವ್ಯವಧಾನವಿಲ್ಲದೆ, 1914ರಿಂದ 1925ರವರೆಗೆ ಅವನ ‘ಟಿ’ ಮಾದರಿಯು ಒಲೆಯಲ್ಲಿ ಕಾಯಿಸಿ ಗಟ್ಟಿಮಾಡಿದ ಕಪ್ಪು ಎನಾಮಲಿನಲ್ಲಿಯೇ ಹೊರಬಂದಿತು. ದುಪಾಂಟ್ ಕಂಪೆನಿಯವರ ‘ಡ್ಯೂಕೋ’ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವು 1924ರ ಮಾದರಿಯ ಓಕ್‌ಲೆಂಡ್ ಕಾರುಗಳ ಮೇಲೆ ಮೊದಲು ಕಾಣಿಸಿಕೊಂಡು, ವಾರಗಳ ಕೆಲಸವನ್ನು ಗಂಟೆಗಳಿಗೆ ಇಳಿಸಿದ ಮೇಲೆ ತುಂತುರು ಯಂತ್ರವು ಕುಂಚದ ಸ್ಥಾನವನ್ನು ಆಕ್ರಮಿಸಿತು. ಈ ಮೂರು ಬಗೆಯ ಬಣ್ಣಗಳಿಗೂ ಮೂರು ಬೇರೆ ಕಾಂತಿಗಳುಂಟು: ವಾರ್ನಿಷು ವರ್ಷ ಕಳೆದಂತೆ ಜೇನುಬಣ್ಣಕ್ಕೆ ತಿರುಗುತ್ತದೆ, ಕಾಯಿಸಿದ ಕಪ್ಪು ಆಳವಾಗಿ ಹೊಳೆದರೂ ನುಣುಪಿನಲ್ಲಿ ಅಸಮ, ಸೆಲ್ಯುಲೋಸು ಉಜ್ಜಿ ಹೊಳಪು ಕೊಟ್ಟರೆ ಬೆಳಗುತ್ತದೆ, ಬಿಟ್ಟರೆ ಮಂಕಾಗುತ್ತದೆ. ಇಂದಿನ ಪಾಲಿಯುರೆಥೇನ್ ಬಣ್ಣವನ್ನು ಇವುಗಳಲ್ಲಿ ಯಾವುದರ ಮೇಲೆ ಹಾಕಿದರೂ ಮೂರೂ ಗಾಜಿನ ಹಾಗೆ ಒಂದೇ ತೆರನಾಗಿ ಹೊಳೆಯತೊಡಗಿ, 1910ರ ಕಾರಿಗೂ 1935ರ ಕಾರಿಗೂ ನಡುವೆ ಬಣ್ಣಗಾರನ ಕಸಬಿನಲ್ಲಿ ಸಂಭವಿಸಿದ ಅಷ್ಟು ದೊಡ್ಡ ಪರಿವರ್ತನೆಯು ನೋಡುವವನ ಕಣ್ಣಿನಿಂದ ಮರೆಯಾಗಿಹೋಗುತ್ತದೆ. ಕೆರೆದು ತೆಗೆದ ಹಳೆಯ ಬಣ್ಣವನ್ನು ಜಗತ್ತಿನ ಯಾವ ದ್ರವ್ಯಬಲವೂ ಮರಳಿ ತರಲಾರದು.

ಫ್ರಾನ್ಸಿನ ಮುಲೂಸ್ ನಗರದಲ್ಲಿ ಶ್ಲುಂಫ್ ಸಹೋದರರು, ನೂಲಿನ ಗಿರಣಿಗಳ ಒಡೆಯರು, ನಾನೂರಕ್ಕೂ ಹೆಚ್ಚು ಕಾರುಗಳನ್ನು, ಅವುಗಳಲ್ಲಿ ನೂರಕ್ಕೂ ಹೆಚ್ಚು ಬುಗಾಟಿಗಳನ್ನು, ಗುಟ್ಟಾಗಿ ಕೂಡಿಹಾಕಿ ದುರಸ್ತು ಮಾಡಿಸುತ್ತಿದ್ದ ಸಂಗತಿಯು 1977ರಲ್ಲಿ ಮುಷ್ಕರ ಹೂಡಿದ ಕಾರ್ಮಿಕರು ಗಿರಣಿಯೊಳಗೆ ನುಗ್ಗಿದಾಗ ಬಯಲಾಯಿತು; 1982ರಿಂದ ಆ ಸಂಗ್ರಹ ಸಾರ್ವಜನಿಕರ ದರ್ಶನಕ್ಕೆ ತೆರೆದಿದೆ. ನಮ್ಮ ವಿಚಾರಕ್ಕೆ ಹೆಚ್ಚು ಸಂಬಂಧಪಟ್ಟುದು ಆ ಸಹೋದರರು ಮುಟ್ಟದೆ ಬಿಟ್ಟಿದ್ದ ಕಾರುಗಳು. ದುರಸ್ತಿಯ ಸರದಿಗಾಗಿ ಉಗ್ರಾಣದಲ್ಲಿ ಕಾದಿದ್ದ ಅರವತ್ತರಷ್ಟು ಕಾರುಗಳು 2008ರಲ್ಲಿ ಕ್ಯಾಲಿಫೋರ್ನಿಯಾದ ಪೀಟರ್ ಮಲ್ಲಿನ್ ಎಂಬ ಸಂಗ್ರಾಹಕನ ಕೈಸೇರಿದಾಗ, ಆತನು ಅವುಗಳಲ್ಲಿ ಹಲವನ್ನು ಹರಿದ ಆಸನ, ಸುಲಿದ ಬಣ್ಣಗಳೊಡನೆ ಇದ್ದ ಹಾಗೆಯೇ ಪ್ರದರ್ಶನಕ್ಕೆ ನಿಲ್ಲಿಸಿದನು. ಸ್ವಿಟ್ಸರ್ಲೆಂಡಿನ ಅಸ್ಕೋನಾ ಊರಿನ ಬಳಿ ಮಾಜೋರೆ ಸರೋವರದಲ್ಲಿ, ಸುಂಕ ಸಲ್ಲಿಸದ ಕಾರಣದಿಂದ ಮುಳುಗಿಸಲ್ಪಟ್ಟು, ಎಪ್ಪತ್ತಕ್ಕೂ ಮಿಕ್ಕಿ ವರ್ಷ ನೀರಿನಡಿಯಲ್ಲಿದ್ದು, 2009ರ ಜುಲೈ ತಿಂಗಳಲ್ಲಿ ಮೇಲಕ್ಕೆತ್ತಲ್ಪಟ್ಟ 1925ರ ಬುಗಾಟಿ ಬ್ರೆಷಿಯಾ ಕಾರನ್ನು ಮರುವರ್ಷ ಪ್ಯಾರಿಸ್ಸಿನ ಹರಾಜಿನಲ್ಲಿ 2,60,500 ಯೂರೋ ಕೊಟ್ಟು ಕೊಂಡವನೂ ಆತನೇ. ಒಂದು ಪಕ್ಕದ ತಗಡು ಪೂರ್ತಿಯಾಗಿ ತಿಂದುಹೋಗಿದ್ದ ಆ ಕಾರನ್ನು ಆತನು ತುಕ್ಕಿನ ಸಮೇತ ಉಳಿಸಿಕೊಂಡನು. ಅದು ಆ ಕಾರಿನ ಮಟ್ಟಿಗೆ ಸರಿಯಾದ ನಿರ್ಧಾರವೆಂದು ನಾನು ನಂಬುತ್ತೇನೆ, ಏಕೆಂದರೆ ಅದನ್ನು ಓಡುವಂತೆ ಮಾಡಬೇಕಾಗಿದ್ದರೆ ಅದರಲ್ಲಿ ಉಳಿಯುತ್ತಿದ್ದ ಹಳೆಯ ಲೋಹವು ಅತ್ಯಲ್ಪ. ಆದರೆ ಓಡಬಲ್ಲ ಕಾರಿನ ಮಾಲೀಕನಿಗೆ ಈ ಉದಾಹರಣೆಯಿಂದ ದೊರೆಯುವ ಮಾರ್ಗದರ್ಶನ ಕಡಮೆ.

ಅಂಥವನು ಮನಸ್ಸಿಟ್ಟು ಓದಬೇಕಾದದ್ದು ಲಂಡನ್ನಿನ ಉಚ್ಚ ನ್ಯಾಯಾಲಯವು 1990ರ ಜುಲೈ ತಿಂಗಳಲ್ಲಿ ಕೊಟ್ಟ ಒಂದು ತೀರ್ಪನ್ನು. ‘ಓಲ್ಡ್ ನಂಬರ್ ವನ್’ ಎಂದು ಖ್ಯಾತವಾದ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಎರಡು ಸಲವೂ ಲ ಮಾನ್ ಪಟ್ಟಣದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಗೆದ್ದಿತು. ಎರಡು ಸಲವೂ ಅದನ್ನು ನಡೆಸಿದ ಜೋಡಿಯಲ್ಲಿ ವುಲ್ಫ್ ಬರ್ನಾಟೊ ಇದ್ದನು. ಪಂದ್ಯದಿಂದ ಪಂದ್ಯಕ್ಕೆ ಅದರ ಅಂಗಾಂಗಗಳು ಬದಲಾಗುತ್ತ ಹೋಗಿ, 1932ರ ವೇಳೆಗೆ ಅದಕ್ಕೆ ಬೇರೆ ಚಾಸಿಯೂ 8 ಲೀಟರಿನ ದೊಡ್ಡ ಎಂಜಿನ್ನೂ ಬಂದಿದ್ದುವು. ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರೂಕ್‌ಲೆಂಡ್ಸ್ ಓಟದ ಪಥದ ಏರುದಂಡೆಯ ಮೇಲಿನಿಂದ ಅದು ಹಾರಿಬಿದ್ದು, ನಡೆಸುತ್ತಿದ್ದ ಕ್ಲೈವ್ ಡನ್‌ಫೀ ಮೃತನಾದನು. ಅಪಘಾತದ ನಂತರ ಅದನ್ನು ಮತ್ತೆ ಕಟ್ಟಿ ರಸ್ತೆಯ ಕಾರಾಗಿ ಬಳಸಿದರು. ಬಹುಕಾಲದ ಮೇಲೆ ಅದಕ್ಕೆ ಲ ಮಾನ್ ದಿನಗಳ ರೂಪವನ್ನು ಹೋಲುವ ಮೈಯನ್ನು ತೊಡಿಸಲಾಯಿತು. ಇಂಥ ಕಾರನ್ನು ಒಂದು ಕೋಟಿ ಪೌಂಡಿನ ಬೆಲೆಗೆ ಕೊಳ್ಳಲು ಒಪ್ಪಿದ್ದವರು, ಇದು ನಿಜವಾದ ‘ಓಲ್ಡ್ ನಂಬರ್ ವನ್’ ಅಲ್ಲವೆಂದು ಹಿಂದೆಗೆದಾಗ, ಮಾರುವವನು ನ್ಯಾಯಾಲಯದ ಮೆಟ್ಟಿಲೇರಿದನು.

ನ್ಯಾಯಮೂರ್ತಿ ಆಟನ್ ಅವರು ಆ ಕಾರಿನ ಒಂದೊಂದು ಅಂಗದ ವಂಶಾವಳಿಯನ್ನೂ ಪರಿಶೀಲಿಸಿದ ಬಗೆಯು ಯಾವ ಇತಿಹಾಸಕಾರನಿಗೂ ಮಾದರಿಯಾಗತಕ್ಕದ್ದು. 1929ರಲ್ಲಿ ಗೆದ್ದ ಕಾರಿನಿಂದ, ಕಾಲವನ್ನು ನಿಷ್ಕರ್ಷಿಸಲಾಗದ ಕೆಲವು ಚಿಲ್ಲರೆ ಜೋಡಣೆಗಳ ಹೊರತು, ಏನೂ ಉಳಿದಿಲ್ಲ. 1930ರ ಕಾರಿನಿಂದ ಉಳಿದಿರುವುದು ಪೆಡಲುಗಳ ದಂಡ, ಗೇರ್‌ಬಾಕ್ಸಿನ ಕವಚ, ಸ್ಟೀರಿಂಗ್ ಕಂಬ, ಇಷ್ಟೇ. ಇದಕ್ಕೆ ಪ್ರತಿಯಾಗಿ 1932ರ ಕಾರಿನ ಚಾಸಿ, ಸ್ಪ್ರಿಂಗುಗಳು, ಮುಂದಿನ ಅಚ್ಚು, ಎಂಜಿನ್ನು ಮುಂತಾದ ಬಹುಭಾಗ ಉಳಿದಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದಕಾರಣ ಇದನ್ನು ಮೂಲ ಕಾರೆಂದು ಕರೆಯಲಾಗದು. ಆದರೆ ಬಿಡಿಭಾಗಗಳಾಗಿ ಚದರಿಹೋಗಿದ್ದುದನ್ನು ಯಾರೋ ಹೊಸದಾಗಿ ಕೂಡಿಸಿ ಎಬ್ಬಿಸಿದ ಗಾಡಿಯೂ ಇದಲ್ಲ. ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಎಲ್ಲಿಯೂ ತುಂಡಾಗದೆ ಬೆಳೆದುಬಂದ ಒಂದೇ ಬಾಳು ಇದರದು. ಆದುದರಿಂದ ಆ ಹೆಸರಿಗೆ ಇದೇ ನಿಜವಾದ ಹಕ್ಕುದಾರ ಎಂದು ಅವರು ತೀರ್ಪಿತ್ತರು. ಇದರ ಅರ್ಥ ಗಂಭೀರವಾದುದು. ಕಾರಿನ ಸತ್ಯವು ಅದರ ಲೋಹದಲ್ಲಿ ಎಷ್ಟು ಪಾಲು ಹಳೆಯದು ಎಂಬ ಲೆಕ್ಕದಲ್ಲಿ ಮುಗಿಯುವುದಿಲ್ಲ. ಆ ಬದಲಾವಣೆಗಳು ಯಾವಾಗ, ಯಾರಿಂದ, ಏತಕ್ಕಾಗಿ ಆದುವೆಂಬ ಅವಿಚ್ಛಿನ್ನವಾದ ವೃತ್ತಾಂತವೂ ಕಾರಿನದೇ ಒಂದು ಅಂಗ.

ಈ ಪ್ರಶ್ನೆ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಭಿನ್ನವಾದ ವಿಗ್ರಹದಲ್ಲಿರುವ ಶಕ್ತಿಯನ್ನು ಕಲಾಕರ್ಷಣದಿಂದ ಕುಂಭಕ್ಕೆ ಸೆಳೆದುಕೊಂಡು, ಹಳೆಯ ಶಿಲೆಯನ್ನು ಜಲದಲ್ಲಿ ವಿಸರ್ಜಿಸಿ, ಹೊಸ ಶಿಲೆಯಲ್ಲಿ ಅದೇ ದೇವತೆಯನ್ನು ಪ್ರತಿಷ್ಠಿಸುವ ವಿಧಿಯನ್ನು ಆಗಮಗಳು ಜೀರ್ಣೋದ್ಧಾರದ ಪ್ರಕರಣದಲ್ಲಿ ವಿಸ್ತರಿಸಿ ಹೇಳಿವೆ. ಶಿಲೆ ಬದಲಾದರೂ ಅರ್ಚನೆಯ ಪರಂಪರೆ ತುಂಡಾಗದು. ಪುರಾತತ್ತ್ವಜ್ಞನಾದರೋ ಆ ಭಿನ್ನ ಶಿಲೆಯೇ ತನಗೆ ಬೇಕೆನ್ನುತ್ತಾನೆ, ಏಕೆಂದರೆ ಉಳಿಯ ಗುರುತು ಇರುವುದು ಅದರ ಮೇಲೆ. ಇಬ್ಬರೂ ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಮೋಟಾರಿನ ಪ್ರಪಂಚದಲ್ಲಿ ಕುಂಭದ ಸ್ಥಾನದಲ್ಲಿರುವುದು ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ನೋಂದಣಿಯ ಪುಸ್ತಕವೂ. ಅವುಗಳ ಹೆಸರಿನಲ್ಲಿ ಕಾರಿನ ಮೈಯೆಲ್ಲ ಹೊಸತಾದರೂ ಅದು ಅದೇ ಕಾರೆಂದು ಸಾಧಿಸುವ ಪ್ರಲೋಭನೆ ಮಾಲೀಕನಿಗೆ ಬಲವಾಗಿರುತ್ತದೆ. ಇಂಗ್ಲೆಂಡಿನಲ್ಲಿ 1920ರ ದಶಕದ ಬೆಂಟ್ಲಿಗಳಿಗೆ ಒದಗಿದ ಗತಿ ಇದಕ್ಕೆ ನಿದರ್ಶನ. ಅವುಗಳಲ್ಲಿ ಎಷ್ಟೋ ಕಾರುಗಳು ಸಂಸಾರಸ್ಥರಿಗಾಗಿ ಮಾಡಿದ, ಮೇಲ್ಛಾವಣಿಯುಳ್ಳ ಗಂಭೀರವಾದ ಸಲೂನ್ ಮೈಯನ್ನು ಹೊತ್ತು ಹುಟ್ಟಿದ್ದವು. ಲ ಮಾನ್ ವಿಜಯಗಳ ಮೋಹಕ್ಕೆ ಒಳಗಾದ ಮುಂದಿನ ತಲೆಮಾರಿನವರು ಆ ಮೈಗಳನ್ನು ಕಿತ್ತೆಸೆದು, ಪಂದ್ಯದ ಕಾರಿನ ತೆರೆದ ಮೈಯನ್ನು ಏರಿಸಿದರು. ಚಾಸಿಯ ಸಂಖ್ಯೆ ಅದೇ ಉಳಿಯಿತು. ಆದರೆ ವೈದ್ಯನೋ ವಕೀಲನೋ ಹೆಂಡತಿಮಕ್ಕಳೊಡನೆ ಮಳೆಯಲ್ಲಿ ನೆನೆಯದೆ ಪಯಣಿಸಿದ ಆ ಸಾಮಾನ್ಯ ಬದುಕಿನ ಸಾಕ್ಷ್ಯವು ಅಳಿದುಹೋಯಿತು. ಯಾವ ಹಾನಿಯ ಬಗೆಗಾದರೂ ನನಗೆ ನಿಜವಾದ ವ್ಯಥೆಯುಂಟಾದರೆ ಅದು ಈ ಬಗೆಯ ಹಾನಿ: ಸವೆತದಿಂದಲ್ಲದೆ ಅಭಿರುಚಿಯಿಂದ ಆದುದು.

ಕಾನೂನು ಈ ವಿಷಯವನ್ನು ಅಂಕಗಳಲ್ಲಿ ಅಳೆಯಲೂ ಯತ್ನಿಸಿದೆ. ಮಾರ್ಪಾಡಾದ ಕಾರು ತನ್ನ ಹಳೆಯ ನೋಂದಣಿಸಂಖ್ಯೆಯನ್ನು ಉಳಿಸಿಕೊಳ್ಳಬೇಕಾದರೆ ಎಂಟು ಅಂಕಗಳನ್ನಾದರೂ ಪಡೆದಿರಬೇಕೆಂದು ಬ್ರಿಟನ್ನಿನ ವಾಹನ ಇಲಾಖೆಯು ವಿಧಿಸಿದ ಪದ್ಧತಿಯಲ್ಲಿ ಚಾಸಿಗೆ ಐದು, ಸಸ್ಪೆನ್ಷನ್ನಿಗೆ ಎರಡು, ಅಚ್ಚುಗಳಿಗೆ ಎರಡು, ಗೇರ್‌ಬಾಕ್ಸು ಮುಂತಾದ ಚಾಲನಾಂಗಗಳಿಗೆ ಎರಡು, ಸ್ಟೀರಿಂಗಿಗೆ ಎರಡು, ಎಂಜಿನ್ನಿಗೆ ಕೇವಲ ಒಂದು ಅಂಕವಿತ್ತು. ಕಾರಿನ ಹೃದಯವೆಂದು ಸಾಮಾನ್ಯವಾಗಿ ಭಾವಿಸುವ ಎಂಜಿನ್ನಿಗೆ ಇಷ್ಟು ಕಡಮೆ ಮನ್ನಣೆಯೇ ಎಂದು ಮೊದಲಿಗೆ ಅನ್ನಿಸಬಹುದು; ಆದರೆ ಎಂಜಿನ್ನು ಸವೆಯುವುದಕ್ಕಾಗಿಯೇ ಹುಟ್ಟಿದ ಅಂಗವಷ್ಟೆ. ಲೋಕದ ಹಳೆಯ ವಾಹನಸಂಘಗಳ ಒಕ್ಕೂಟವಾಗಿ 1966ರಲ್ಲಿ ಸ್ಥಾಪಿತವಾದ ‘ಫೀವಾ’ ಸಂಸ್ಥೆಯು 2012ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಒಪ್ಪಿ, ಮರುವರ್ಷ ಸ್ಥಿರಪಡಿಸಿದ ಸನ್ನದು ಅಂಕಗಣಿತಕ್ಕೆ ಹೋಗದೆ ವಿವೇಕದ ದಾರಿಯನ್ನು ಹಿಡಿಯಿತು. ಪ್ರಾಚೀನ ಕಟ್ಟಡಗಳಿಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದಿನಿಂದ ಪ್ರೇರಣೆ ಪಡೆದ ಅದು, ಇರುವುದನ್ನು ಇದ್ದಂತೆ ಕಾಯುವುದಕ್ಕೆ ಮೊದಲ ಸ್ಥಾನ ಕೊಟ್ಟು, ಕಳೆದುಹೋದುದನ್ನು ಮತ್ತೆ ಮಾಡಿ ತುಂಬುವ ಕೆಲಸಕ್ಕೆ ಸಕಾರಣವೂ ದಾಖಲೆಯೂ ಇರಬೇಕೆಂದಿತು. ಹೊಸದಾಗಿ ಸೇರಿಸಿದ ಭಾಗವನ್ನು ಗುರುತಿಸಲು ಸಾಧ್ಯವಾಗಿರಬೇಕೆಂದಿತು. ಇದರ ಜೊತೆಗೆ, ಕಟ್ಟಡಕ್ಕೆ ಅನ್ವಯಿಸದ ಒಂದು ಮಾತನ್ನೂ ಒಪ್ಪಿಕೊಂಡಿತು: ವಾಹನವು ಚಲಿಸುತ್ತಿರುವುದೂ ಸಂರಕ್ಷಣೆಯ ಭಾಗವೇ. ಪೆಬಲ್ ಬೀಚಿನ ಹುಲ್ಲುಹಾಸಿನ ಮೇಲೆಯೂ ಗಾಳಿ ತಿರುಗಿತು. ನವೀಕರಿಸದೆ ಉಳಿಸಿದ ಕಾರುಗಳಿಗಾಗಿ ಪ್ರತ್ಯೇಕ ವರ್ಗಗಳು ಏರ್ಪಟ್ಟು, 2024ರಲ್ಲಿ ಅಂಥ ವರ್ಗದ ಕಾರೊಂದು, ಬೆಲ್ಜಿಯಮ್ಮಿನ ದೊರೆ ಮೂರನೆಯ ಲಿಯೊಪೋಲ್ಡನದಾಗಿದ್ದ 1934ರ ಬುಗಾಟಿ, ತನ್ನ ಬಿರುಕುಬಿಟ್ಟ ಹಳೆಯ ಬಣ್ಣದೊಡನೆಯೇ ಪ್ರಪ್ರಥಮವಾಗಿ ಅಗ್ರಪ್ರಶಸ್ತಿಯನ್ನು ಪಡೆಯಿತು.

ಭಾರತದಲ್ಲಿ ಈ ಕಥೆಯ ಗತಿಯೇ ಬೇರೆ. ಸ್ವಾತಂತ್ರ್ಯಾನಂತರ ವಿದೇಶೀ ಕಾರುಗಳ ಆಮದು ನಿರ್ಬಂಧಕ್ಕೊಳಗಾಗಿ, ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳೇ ರಸ್ತೆಯನ್ನೆಲ್ಲ ತುಂಬಿದ ದಶಕಗಳಲ್ಲಿ, ಅದಕ್ಕೆ ಮುಂಚೆ ಬಂದಿದ್ದ ಬ್ಯೂಕ್, ಷೆವ್ರೊಲೆ, ಆಸ್ಟಿನ್, ಮಾರಿಸ್ ಕಾರುಗಳಿಗೆ ಬಿಡಿಭಾಗ ತರಿಸುವುದು ದುಸ್ತರವಾಯಿತು. ಆ ಕಾರುಗಳನ್ನು ಉಳಿಸಿದವರು ಸಂಗ್ರಾಹಕರಿಗಿಂತ ಮುಂಚೆ ಲೇತ್ ಯಂತ್ರದ ಮುಂದೆ ನಿಂತ ಕುಶಲಿಗರು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ ಬೇರೆ ಕಾರಿನ ಭಾಗವನ್ನು ತಂದು, ಕಡೆದು ತಿದ್ದಿ ಹೊಂದಿಸಿ, ಟಿಂಕರಿಂಗ್ ಮಾಡುವವನು ಮರದ ಸುತ್ತಿಗೆಯಿಂದ ತಗಡನ್ನು ಬಡಿದು ಮಡ್‌ಗಾರ್ಡಿಗೆ ಕಳೆದುಹೋದ ಬಾಗನ್ನು ಮರಳಿಸಿ, ತವರದ ಮಿಶ್ರಲೋಹವನ್ನು ಕರಗಿಸಿ ಬೇರಿಂಗುಗಳಿಗೆ ಹೊಯ್ದು, ಕೈಯಿಂದಲೇ ಹೆರೆದು ಅಳತೆಗೆ ತಂದು ಓಡಿಸಿದ ಆ ಮೇಸ್ತ್ರಿಗಳಿಗೆ ಮೂಲಸ್ವರೂಪದ ಚಿಂತೆಯಿರಲಿಲ್ಲ. ಮಾಲೀಕನನ್ನು ಊರು ತಲಪಿಸುವ ಹೊಣೆಯಿತ್ತು. ಇಂದು ಅಂಥ ಕಾರೊಂದನ್ನು ಕೊಂಡವನು ಅದರೊಳಗೆ ಲಾರಿಯ ಡೈನಮೊವನ್ನೋ ಅಂಬಾಸಿಡರಿನ ಸ್ಟೀರಿಂಗ್ ಪೆಟ್ಟಿಗೆಯನ್ನೋ ಕಂಡು, ಅಪಚಾರವೆಂದು ಕಿತ್ತೆಸೆದು, ವಿದೇಶದಿಂದ ಹೊಸದಾಗಿ ತಯಾರಾದ ‘ಮೂಲ’ ಭಾಗವನ್ನು ತರಿಸಿ ಹಾಕುವುದನ್ನು ನೋಡುತ್ತೇವೆ. ಆಟನ್ ಅವರ ತೀರ್ಪಿನ ಬೆಳಕಿನಲ್ಲಿ ನೋಡಿದರೆ ಆ ಅಂಬಾಸಿಡರಿನ ಪೆಟ್ಟಿಗೆಯೂ ಕಾರಿನ ಚರಿತ್ರೆಯೇ. ಆಮದಿಗೆ ತಡೆಯಿದ್ದ ಒಂದು ದೇಶದಲ್ಲಿ ಜನ ಹೇಗೆ ಬಾಳಿದರೆಂಬುದನ್ನು ಅದು ಹೇಳುವಷ್ಟು ಸ್ಪಷ್ಟವಾಗಿ ಬೇರಾವುದೂ ಹೇಳದು. ಅದು ಚೆನ್ನಾಗಿ ಕೆಲಸಮಾಡುತ್ತಿದ್ದರೆ ಇರಲಿ. ತೆಗೆಯಲೇಬೇಕಾದರೆ, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿ ಜೋಪಾನವಾಗಿರಲಿ. ಸಂಸ್ಥಾನಿಕರ ಕಾರುಗಳ ಪೈಕಿ ಸರ್ಕಾರವು ರಫ್ತನ್ನು ತಡೆಯುವ ಮುನ್ನ ಹೊರದೇಶಗಳಿಗೆ ಹೋದವು, ಅಲ್ಲಿನ ಅಭಿರುಚಿಗೆ ತಕ್ಕಂತೆ ನವೀಕರಣಗೊಂಡು, ಇಲ್ಲಿ ಕಳೆದ ವರ್ಷಗಳ ಗುರುತನ್ನು ಬಹುಮಟ್ಟಿಗೆ ನೀಗಿಕೊಂಡವು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ಕಾರುಗಳಂಥವು ಇಲ್ಲಿಯೇ ಉಳಿದುದರಿಂದ, ಅವುಗಳ ಈ ದೇಶದ ಬಾಳನ್ನು ಕುರಿತು ವಿಚಾರಿಸುವ ಅವಕಾಶ ನಮಗೆ ಇನ್ನೂ ಇದೆ.

ಹಾಗಾದರೆ ಮುಟ್ಟದೆ ಬಿಡುವುದೇ ಸದಾ ಶ್ರೇಷ್ಠವೇ ಎಂದರೆ, ಓಡುವ ಕಾರಿನ ವಿಷಯದಲ್ಲಿ ನಾನು ಹಾಗೆ ಹೇಳಲಾರೆ. ಬ್ರೇಕು, ಸ್ಟೀರಿಂಗು, ಟೈರು, ಇಂಧನದ ಕೊಳವೆ, ತಂತಿಗಳು, ಇವು ಒಳಗೆ ಕುಳಿತವನ ಪ್ರಾಣಕ್ಕೂ ಎದುರು ಬರುವವನ ಪ್ರಾಣಕ್ಕೂ ಸಂಬಂಧಪಟ್ಟವು. ರಬ್ಬರು ಸವೆಯದಿದ್ದರೂ ವಯಸ್ಸಿನಿಂದ ಬಿರುಕುಬಿಡುತ್ತದೆ. ಹಳೆಯ ಬ್ರೇಕಿನ ಕಲ್ನಾರಿನ ಪಟ್ಟಿಯ ಧೂಳು ಶ್ವಾಸಕೋಶಕ್ಕೆ ವಿಷ. ಆದಿಕಾಲದ ಮುಂಗಾಜು ಒಡೆದರೆ ಕತ್ತಿಯಂಥ ಚೂರುಗಳಾಗುತ್ತದೆ. ಇವನ್ನು ಬದಲಿಸಲು ಯಾವ ಸಂಕೋಚವೂ ಬೇಡ. ಇಂಧನದ ಬದಲಾವಣೆಯಂತೂ ನಮ್ಮ ಇಚ್ಛೆಯನ್ನು ಕೇಳಿ ಬಂದದ್ದಲ್ಲ. 1920ರ ದಶಕದಿಂದ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸದ ಸಂಯುಕ್ತವು ಎಂಜಿನ್ನಿನ ಬಡಿತವನ್ನು ತಗ್ಗಿಸುವುದರ ಜೊತೆಗೆ ವಾಲ್ವುಗಳ ಪೀಠಕ್ಕೆ ರಕ್ಷೆಯಾಗಿಯೂ ಇದ್ದುದರಿಂದ, 2000ದ ಫೆಬ್ರವರಿಯಿಂದ ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲೇ ಎಲ್ಲೆಡೆ ದೊರೆಯತೊಡಗಿದ ಮೇಲೆ, ಮೃದುವಾದ ಎರಕದ ಕಬ್ಬಿಣದ ಪೀಠಗಳುಳ್ಳ ಎಂಜಿನ್ನುಗಳಿಗೆ ಗಟ್ಟಿಲೋಹದ ಬಳೆಗಳನ್ನು ಕೂಡಿಸುವುದು ಹಲವರಿಗೆ ಅಗತ್ಯವಾಯಿತು. ಈಗ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತು ಬರುತ್ತಿದೆ. ಅದು ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕನ್ನು ತರುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನೂ ಕಾರ್ಬುರೇಟರಿನೊಳಗಿನ ಕಾರ್ಕಿನ ಭಾಗಗಳನ್ನೂ ಕೆಡಿಸುತ್ತದೆ. ಕೊಳವೆಯನ್ನು ಎಥನಾಲ್ ತಾಳಬಲ್ಲ ಹೊಸ ಕೊಳವೆಗೆ ಬದಲಿಸುವವನು ಕಾರಿಗೆ ಉಪಕಾರವನ್ನೇ ಮಾಡುತ್ತಾನೆ, ಬೆಂಕಿಯಿಂದ ಅದನ್ನು ಕಾಪಾಡುತ್ತಾನೆ. ಇದೇ ಉತ್ಸಾಹದಲ್ಲಿ ಮುಂದುವರಿದು, ಮಾಸಿದ ಚರ್ಮದ ಆಸನವನ್ನೂ, ತೇಪೆಹಾಕಿದ ತಗಡನ್ನೂ, ಯಾರ ಪ್ರಾಣಕ್ಕೂ ಎರವಾಗದ ಹಳೆಯ ಬಣ್ಣವನ್ನೂ ಕಿತ್ತುಹಾಕಲು ಹೊರಡುವಾಗ ಮಾತ್ರ ಅವನು ಕೈತಡೆಯಬೇಕೆಂದು ನನ್ನ ವಿನಂತಿ. ಮರದ ಚೌಕಟ್ಟಿನಲ್ಲಿ ಕೊಳೆತ ತುದಿಯಷ್ಟನ್ನೇ ಕತ್ತರಿಸಿ ಹೊಸ ತುಂಡನ್ನು ಬೆಸೆಯಬಹುದಾದಾಗ, ಇಡೀ ಚೌಕಟ್ಟನ್ನು ಹೊಸದಾಗಿ ಮಾಡಿಸುವ ಅಗತ್ಯವೇನು? ಅದಕ್ಕೆ ಹೆಚ್ಚಿನ ತಾಳ್ಮೆ ಬೇಕು. ಅನೇಕ ವೇಳೆ ಖರ್ಚೂ ಹೆಚ್ಚೇ ಬೀಳುತ್ತದೆ. ಬಡಗಿಯೊಬ್ಬನ ಕೈಗುರುತು ಉಳಿಯುವುದು ಅಂಥ ಖರ್ಚಿನಿಂದಲೇ.

ನಮ್ಮ ಕೇಂದ್ರ ಸರ್ಕಾರವು 2021ರ ಜುಲೈ ತಿಂಗಳಲ್ಲಿ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯು ಈ ವಿಚಾರವನ್ನು ಪ್ರತಿಯೊಬ್ಬ ಮಾಲೀಕನ ಬಾಗಿಲಿಗೆ ತಂದಿದೆ. 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯವಾದ ಮಾರ್ಪಾಡಿಗೆ ಒಳಗಾಗದ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಅದು ಕಲ್ಪಿಸಿ, 20,000 ರೂಪಾಯಿಯ ಶುಲ್ಕಕ್ಕೆ ಹತ್ತು ವರ್ಷಗಳ ಮಾನ್ಯತೆಯನ್ನು ಕೊಡುತ್ತದೆ. ಪ್ರದರ್ಶನ, ಓಟದ ಮೇಳ, ದುರಸ್ತಿ ಮೊದಲಾದ ಕಾರ್ಯಗಳಿಗೆ ಮಾತ್ರ ರಸ್ತೆಯ ಬಳಕೆಯನ್ನು ಸೀಮಿತಗೊಳಿಸುತ್ತದೆ. ನಿಯಮದ ಉದ್ದೇಶ ಸ್ವಾಗತಾರ್ಹವಾದುದು. ಆದರೆ ಅರ್ಧ ಶತಮಾನ ದುಡಿದ ಭಾರತೀಯ ಕಾರಿನಲ್ಲಿ ಯಾವುದು ಮಾರ್ಪಾಡು, ಯಾವುದು ಬಾಳಿನ ಅನಿವಾರ್ಯವಾದ ದುರಸ್ತಿ ಎಂಬುದನ್ನು ಬೇರ್ಪಡಿಸುವ ಕೆಲಸವು ಕಾಗದಪತ್ರಗಳಿಲ್ಲದೆ ಯಾವ ಅಧಿಕಾರಿಗೂ ಸುಲಭವಲ್ಲ. ಗ್ಯಾರೇಜಿನ ಹಳೆಯ ರಸೀದಿಗಳು, ಕೆಲಸಕ್ಕೆ ಮೊದಲೂ ಅನಂತರವೂ ತೆಗೆದ ಚಿತ್ರಗಳು, ತೆಗೆದಿರಿಸಿದ ಭಾಗಗಳು, ಆ ಕಾರನ್ನು ಮೂವತ್ತು ನಲವತ್ತು ವರ್ಷ ನೋಡಿಕೊಂಡ ಮೇಸ್ತ್ರಿ ಬದುಕಿದ್ದರೆ ಅವನ ಬಾಯಿಂದ ಕೇಳಿ ಬರೆದುಕೊಂಡ ವಿವರಗಳು, ಇವೆಲ್ಲವೂ ಮೊದಲ ಬೋಲ್ಟನ್ನು ಸಡಿಲಿಸುವುದಕ್ಕೆ ಮುಂಚೆಯೇ ಒಂದು ಕಡತದಲ್ಲಿ ಸೇರಬೇಕು. ಮೇಸ್ತ್ರಿಯ ಮನೆಗೆ ಹೋಗುವ ಕೆಲಸವನ್ನಂತೂ ಮೊಟ್ಟಮೊದಲು ಮಾಡಬೇಕು, ಏಕೆಂದರೆ ಆ ತಲೆಮಾರಿನವರಿಗೆ ಈಗ ತುಂಬ ವಯಸ್ಸಾಗಿದೆ.